ಕೊನೆಯ ವೈರಿನ ಅಂಗಡಿ

ಸುತ್ತಲಿನ ಮೂರು ಬೀದಿಗಳಲ್ಲಿ ಅವಳ ಹೆಸರು ಡಬ್ಬಿ ಅಕ್ಕ. ಕಂಬಗಳ ಮೇಲೆ ಕೂತಿರುವ ಬೂದು ಬಣ್ಣದ ಇಂಟರ್ನೆಟ್ ಡಬ್ಬಿಗಳೆಲ್ಲ ಅವಳವು. ದೊಡ್ಡ ಕಂಪನಿಯಿಂದ ಲೈನನ್ನು ಸಗಟಾಗಿ ಕೊಂಡು ಮನೆಮನೆಗೆ ಹಂಚುವುದು ಅವಳ ಕಸುಬು. ಕಂಬ ಹತ್ತುವ ಕೆಲಸ ಗಂಡನದು, ನೆಲದ ಮೇಲಿನ ಜಗಳಗಳೆಲ್ಲ ಅವಳದು. ಫೋನ್ ಎತ್ತುವುದು ಅತ್ತೆ. "ನೆಟ್ ಇಲ್ಲ" ಎಂದು ಯಾರಾದರೂ ರೇಗಿದರೆ, "ಸ್ವಲ್ಪ ಹೊತ್ತು ಹೆಂಡತಿ ಜೊತೆ ಮಾತಾಡಪ್ಪಾ, ಅಷ್ಟರಲ್ಲಿ ಬರುತ್ತೆ" ಎಂದು ಇಟ್ಟುಬಿಡುತ್ತಿದ್ದರು.

ಲೈನ್ ಎಳೆದ ಹೊಸದರಲ್ಲೇ ಡಬ್ಬಿ ಅಕ್ಕ ಒಂದು ಪದ್ಧತಿ ಮಾಡಿಕೊಂಡಿದ್ದಳು. ಲೈನು ಬಂದು ಇಳಿಯುವುದು ಬೀದಿ ತುದಿಯ ನೀರಿನ ಟ್ಯಾಂಕಿನ ಪಕ್ಕದ ಕಂಬಕ್ಕೆ. ಅಲ್ಲಿಂದ ಅಂಗಡಿಗೆ ನೇರವಾಗಿ ವೈರು ಎಳೆಯಬಹುದಿತ್ತು. ಎಳೆಯಲಿಲ್ಲ. ವೈರು ಮೂರೂ ಬೀದಿ ಸುತ್ತಿ, ಎಲ್ಲರ ಮನೆಗೂ ಹಂಚಿ, ಉಳಿದ ತುದಿಯಷ್ಟೇ ಅವಳ ಅಂಗಡಿಗೆ ಬರುತ್ತಿತ್ತು. ಎಲ್ಲಿ ಏನೇ ಹದಗೆಟ್ಟರೂ ಮೊದಲು ತನಗೆ ತಟ್ಟಬೇಕು ಎಂಬುದು ಅವಳ ಲೆಕ್ಕ. "ಯಜಮಾನಿ ನೀನು, ಎಲ್ಲರಿಗಿಂತ ಹಿಂದೆಯೂ ನೀನೇ" ಎಂದು ಅತ್ತೆ ಗೊಣಗುತ್ತಿದ್ದರು.

ಆ ವರ್ಷ ಕಂಪನಿ ಸಗಟು ದರ ಏರಿಸಿತು. ಹಳೇ ಒಪ್ಪಂದದ ಅವಧಿ ಇನ್ನೂ ಮುಗಿದಿರಲಿಲ್ಲ, ಹಾಗಾಗಿ ಅವಳು ಹೊಸ ದರಕ್ಕೆ ಸಹಿ ಹಾಕಲಿಲ್ಲ. ಮರುವಾರದಿಂದಲೇ ಸಂಜೆಯಾಗುತ್ತಿದ್ದಂತೆ ಲೈನು ತೆವಳತೊಡಗಿತು. ಸಿನಿಮಾಗಳು ನಡುವೆ ನಿಂತವು, ವಿಡಿಯೋದಲ್ಲಿ ಮಾತಾಡುವವರ ಮುಖಗಳು ಕಲ್ಲಾದವು. ಕಂಪನಿಗೆ ಫೋನ್ ಮಾಡಿದರೆ ಒಂದೇ ಉತ್ತರ: "ನಮ್ಮ ಕಡೆ ಸರಿ ಇದೆ. ನಿಮ್ಮ ವೈರು ನೋಡ್ಕೊಳ್ಳಿ."

ಗಂಡ ಒಂದೊಂದೇ ಕಂಬ ಹತ್ತಿ ಇಳಿದ. ವೈರು ಸರಿಯಾಗಿತ್ತು. ಅವಳು ಅಂಗಡಿಯ ಮುಂದೆ ಒಂದು ಕಪ್ಪು ಹಲಗೆ ತಂದಿಟ್ಟು, ಸಂಜೆ ಲೈನು ಹೇಗಿತ್ತೆಂದು ಸೀಮೆಸುಣ್ಣದಲ್ಲಿ ಬರೆಯತೊಡಗಿದಳು. 'ನಿನ್ನೆ ಸಂಜೆ ವಿಡಿಯೋ ನಿಂತಿತು. ನಾವು ನಿಲ್ಲಿಸಿದ್ದಲ್ಲ. ಕಂಪನಿಯನ್ನು ಕೇಳಿ.' ಕೆಳಗೆ ಕಂಪನಿಯ ಫೋನ್ ನಂಬರು.

ಜನ ಕೇಳಿದರು. ಕೇಳಿ ಕೇಳಿ ಕಂಪನಿಯ ಏರಿಯಾ ಮ್ಯಾನೇಜರನೇ ಒಂದು ಸಂಜೆ ಕಾರಿನಿಂದ ಇಳಿದ. ಅವನ ಹಿಂದೆಯೇ ಗಣಿತದ ಮೇಷ್ಟ್ರು ಬಂದರು. ನಿವೃತ್ತಿಯ ಮೇಲೆ ಅವರು ಸಂಜೆ ಹೊತ್ತು ಮನೆಯಿಂದಲೇ ವಿಡಿಯೋದಲ್ಲಿ ಪಾಠ ಹೇಳುತ್ತಿದ್ದರು.

"ನಿಮ್ಮಿಬ್ಬರ ಗುದ್ದಾಟದಲ್ಲಿ ನನ್ನ ಮಕ್ಕಳು ಬೇರೆ ಮೇಷ್ಟ್ರನ್ನ ಹುಡುಕ್ಕೊಳ್ತಿದ್ದಾರಮ್ಮ. ಇವತ್ತು ಯಾರದು ತಪ್ಪು ಅಂತ ಗೊತ್ತಾಗ್ಬೇಕು. ನಿಂದಾದ್ರೆ ನಾಳೆಯಿಂದ ನಿನ್ನ ವೈರು ನಮ್ಮನೆಗೆ ಬೇಡ" ಎಂದರು.

ಮೇಷ್ಟ್ರು ಬಿಟ್ಟುಹೋದರೆ ಅವರ ಹಿಂದೆ ಅವರ ಬೀದಿಯೇ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮ್ಯಾನೇಜರನಿಗೂ ಗೊತ್ತಿತ್ತು.

"ಈಗ್ಲೇ ತೋರಿಸ್ತೀನಿ ಸರ್" ಎಂದು ಅವನು ಅಂಗಡಿಯ ವೈಫೈಗೆ ತನ್ನ ಫೋನ್ ಸೇರಿಸಿ, ವೇಗ ಅಳೆಯುವ ಪುಟ ತೆರೆದ. ಮುಳ್ಳು ಸರ್ರೆಂದು ತುದಿ ಮುಟ್ಟಿತು. "ನೋಡಿ! ಅಂಗಡಿವರೆಗೂ ಪೂರ್ತಿ ಬರ್ತಿದೆ. ಇಲ್ಲಿಂದ ಮುಂದೆ ನಿಮ್ಮನೆಗೆ ಹೋಗೋ ಇವರ ವೈರೇ ಕೆಟ್ಟಿರೋದು. ಹಲಗೆ ತೆಗೀರಿ ಮೇಡಂ, ಸಹಿ ಹಾಕಿ. ಇಲ್ಲದಿದ್ರೆ ಸೋಮವಾರ ಲೈನ್ ಕಟ್."

ಎಲ್ಲ ಅಂಗಡಿಯವರೂ ಮೊದಲ ಕೊಂಡಿಯನ್ನು ತಮಗೇ ಇಟ್ಟುಕೊಳ್ಳುತ್ತಾರೆ. ಇವಳೂ ಹಾಗೇ ಎಂದು ಮ್ಯಾನೇಜರ್ ಅಂದುಕೊಂಡಿದ್ದ.

ಮೇಷ್ಟ್ರು ಅವಳತ್ತ ತಿರುಗಿದರು. ಅವಳು ಉತ್ತರಿಸುವ ಮೊದಲೇ ಒಳಗಿನಿಂದ ಅತ್ತೆ ಕೂಗಿದರು: "ಇಲ್ಲಿಂದ ಮುಂದೆ ಏನೂ ಇಲ್ಲಪ್ಪಾ! ನಮ್ಮ ಮಹಾರಾಣಿ ಬಾಲದ ತುದೀಲಿ ಕೂತಿದ್ದಾಳೆ."

"ಹೌದು ಸರ್," ಎಂದಳು ಡಬ್ಬಿ ಅಕ್ಕ. "ವೈರು ಮೇಷ್ಟ್ರ ಮನೆ ದಾಟಿಯೇ ಇಲ್ಲಿಗೆ ಬರೋದು. ಇಲ್ಲಿ ಪೂರ್ತಿ ಬಂತು ಅಂದ್ರೆ ದಾರಿಯುದ್ದಕ್ಕೂ ನನ್ನ ವೈರು ಸರಿ ಇದೆ. ನೀವೇ ಹೇಳಿದ್ರಿ, ತುಂಬಾ ಉಪಕಾರ ಆಯ್ತು. ಈಗ ಇದೇ ವೈಫೈಯಲ್ಲಿ ನಿಮ್ಮ ಆಫೀಸಿಗೆ ಒಂದು ವಿಡಿಯೋ ಕಾಲ್ ಮಾಡಿ."

"ಅದೆಲ್ಲ ಯಾಕೆ ಮೇಡಂ..."

"ಮಾಡಿ ಸ್ವಾಮಿ" ಎಂದರು ಮೇಷ್ಟ್ರು. ಅದು ತರಗತಿಯ ದನಿ.

ಅವನು ಮಾಡಿದ. ಮೇಲಧಿಕಾರಿಯ ಮುಖ ಮೂಡಿತು, ಬಾಯಿ ತೆರೆಯಿತು, ಹಾಗೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ "ಸಹಿ... ಹಾಕಿಸಿದ್ರಾ..." ಎಂದು ದನಿ ಮಾತ್ರ ತುಂಡುತುಂಡಾಗಿ ಬಂತು. ತೆರೆದ ಬಾಯಿ ಮುಚ್ಚಲೇ ಇಲ್ಲ. ಅತ್ತೆ ಬಗ್ಗಿ ನೋಡಿ, "ಪಾಪ, ಹಲ್ಲು ಚೆನ್ನಾಗಿದೆ" ಎಂದರು.

ಮೇಷ್ಟ್ರು ನಗಲಿಲ್ಲ. "ಅಳತೆ ಪುಟ ಓಡುತ್ತೆ, ಮಿಕ್ಕಿದ್ದು ಕುಂಟುತ್ತೆ. ಅಂದ್ರೆ ಅಳೆಯೋ ಪುಟಕ್ಕೆ ಮಾತ್ರ ನಿಮ್ಮ ಕಂಪನಿ ದಾರಿ ಬಿಟ್ಟಿದೆ. ಇನ್‌ಸ್ಪೆಕ್ಟರ್ ಬರೋ ದಿನ ಮಾತ್ರ ಪಾಠ ಮಾಡೋ ಮೇಷ್ಟ್ರುಗಳನ್ನ ನಾನು ಬೇಕಾದಷ್ಟು ಕಂಡಿದ್ದೀನಿ" ಎಂದರು.

ಮ್ಯಾನೇಜರ್ ಫೋನನ್ನು ಜೇಬಿಗಿಟ್ಟುಕೊಂಡ. "ಸೋಮವಾರ" ಎಂದಷ್ಟೇ ಹೇಳಿ ಮೆಟ್ಟಿಲಿಳಿದ.

"ಕಟ್ ಮಾಡೋದಾದ್ರೆ ಮಾಡಿ," ಎಂದಳು ಅವಳು ಅವನ ಬೆನ್ನಿಗೆ. "ಅದನ್ನೂ ಹಲಗೆ ಮೇಲೆ ಬರೀತೀನಿ."

ಸೋಮವಾರ ಕಂಪನಿ ನುಡಿದಂತೆ ನಡೆಯಿತು. ಅವಳು ಹಲಗೆ ಒರೆಸಿ ದೊಡ್ಡದೊಂದು ಸೊನ್ನೆ ಬರೆದಳು. ಅಷ್ಟರಲ್ಲಿ ಇನ್ನೊಂದು ಸಣ್ಣ ಕಂಪನಿಯಿಂದ ಚಿಕ್ಕ ಲೈನೊಂದನ್ನು ಗೊತ್ತುಮಾಡಿಕೊಂಡಿದ್ದಳು. ಅದು ಎಲ್ಲರಿಗೂ ಸಾಲುವಂಥದ್ದಲ್ಲ. ಪಾಠಕ್ಕೆ, ಆಫೀಸು ಕೆಲಸಕ್ಕೆ ಮೊದಲು, ಸಿನಿಮಾ ಆಮೇಲೆ ಎಂದು ಹಲಗೆಯ ಮೇಲೇ ತಿಳಿಸಿದಳು. ಒಪ್ಪದ ಕೆಲವರು ಬಿಟ್ಟುಹೋದರು. ಅವಳು ತಡೆಯಲಿಲ್ಲ, ಗಂಡ ಅವರ ಮನೆಗಳ ವೈರನ್ನು ನೀಟಾಗಿ ಸುತ್ತಿ ತಂದ. ಲೈನು ಸಾಲದಿದ್ದಾಗ ಅವಳು ಮೊದಲು ಕಿತ್ತದ್ದು ತನ್ನ ಅಂಗಡಿಯ ವೈರನ್ನೇ. ಮೇಷ್ಟ್ರು ತಾವು ಕಂಡದ್ದನ್ನೆಲ್ಲ ಬರೆದು, ಬೀದಿಯವರ ಸಹಿ ಹಾಕಿಸಿ, ಸರಕಾರದ ದೂರಸಂಪರ್ಕ ಕಚೇರಿಗೆ ದೂರು ಕಳಿಸಿದರು.

ದೂರು ಹೋದ ಮೇಲೊಂದು ದಿನ ಮ್ಯಾನೇಜರನ ಫೋನ್ ಬಂತು. ಎತ್ತಿದ ಅತ್ತೆ, "ಬಾಯಿ ತೆರ್ಕೊಂಡಿದ್ದೋರು ಈಗ ಹೇಗಿದ್ದಾರಪ್ಪಾ?" ಎಂದು ವಿಚಾರಿಸಿ ಸೊಸೆಗೆ ಕೊಟ್ಟರು.

"ಹಳೇ ದರಕ್ಕೇ ಮಾತಾಡೋಣ ಮೇಡಂ. ಆದ್ರೆ ಮೊದಲು ಆ ಹಲಗೆ ತೆಗೆದುಬಿಡಿ."

"ಮೊದಲು ಲೈನು ಬರಲಿ ಸರ್. ಚೆನ್ನಾಗಿ ಬಂದ್ರೆ ಚೆನ್ನಾಗಿದೆ ಅಂತ್ಲೇ ಬರೀತೀನಿ. ಹಲಗೆ ಇರುತ್ತೆ."

ಅವಳು ಫೋನನ್ನು ಅತ್ತೆಯ ಕೈಗಿಟ್ಟು, ಸೀಮೆಸುಣ್ಣ ಹಿಡಿದು ಹೊರಗೆ ಹೋದಳು. ಆ ದಿನದ್ದು ಬರೆಯುವುದು ಇನ್ನೂ ಬಾಕಿಯಿತ್ತು.