ಹಣಮಮ್ಮನ ಹೊರಸು, ಲಾಲ್ಯಾನ ಹಗ್ಗ

ಬೆಳಕು ಹರಿಯುವ ಹೊತ್ತಿಗೆ ವಾಡಿ ಸ್ಟೇಷನ್ನಿನ ಹಿಂದಿನ ಹಾದಿಯಲ್ಲಿ ಮುಂದೊಂದು ಕೆಂಪು ನಾಯಿ, ಹಿಂದೊಬ್ಬ ಹೆಂಗಸು, ಅವರ ಜೊತೆಗೆ ನಾನು. ನಾಯಿಯ ಹೆಸರು ಲಾಲ್ಯಾ. ಅದರ ಕೊರಳ ಹಗ್ಗ ಹಿಡಿದವಳು ಹೊರಸು, ಅಂದರೆ ಹಗ್ಗದ ಮಂಚ, ನೇಯುವ ಹಣಮಮ್ಮ. ಆಕೆಗೆ ಕಣ್ಣಿಲ್ಲ. ಕಲ್ಲುಚಪ್ಪಡಿಯ ರಾಶಿ ಅಡ್ಡ ಬಂದರೆ ಲಾಲ್ಯಾ ನಿಲ್ಲುತ್ತಾನೆ, ಆಕೆ ಕಾಲಿನಿಂದ ತಡವಿ ಸುತ್ತಿ ಹೋಗುತ್ತಾಳೆ.

ಚಿಕ್ಕಂದಿನಲ್ಲೇ ಸಿಡುಬು ಕಣ್ಣು ಕಸಿಯಿತು. ಕಸುಬು ಕಲಿಸಿದ್ದು ಅಪ್ಪ. ಲಾಲ್ಯಾನನ್ನು ಪಳಗಿಸಿದ್ದು ಆಕೆಯೇ. ಶಹಾಬಾದ, ಚಿತ್ತಾಪುರದಿಂದಲೂ ಕರೆ ಬರುತ್ತದೆ. ನಿಜಾಮರ ರೈಲು ಈಗ ಸರ್ಕಾರದ್ದಾದರೂ ಡಬ್ಬಿಯೊಳಗೆ ಲಾಲ್ಯಾನಿಗೆ ಜಾಗವಿಲ್ಲ, ಇಬ್ಬರೂ ನಡೆದೇ ಹೋಗಬೇಕು.

ಒಮ್ಮೆ ಯಾರೋ ಎಸೆದ ರೊಟ್ಟಿಗೆ ನಾಯಿ ಹಾರಿತು, ಹಣಮಮ್ಮ ಬಿದ್ದು ಕೈ ಮುರಿದುಕೊಂಡಳು. "ಕೈ ಹೋದ್ರ ನನ್ನ ಬಾಳೇ ಹೋದಂಗ್ರಿ. ಕೊಳ್ಳಾಗ ಹಗ್ಗ ಇರೋತನಕ ಏನೂ ತಿನ್ನಬಾರ್ದಂತ ಆಮ್ಯಾಗ ಕಲಿಸೀನಿ" ಎನ್ನುತ್ತಾಳೆ.

ರೈಲು ಬದಲಿಸುವವರು ತಂಗುವ ಧರ್ಮಶಾಲೆಯ ಹೊರಸುಗಳನ್ನೆಲ್ಲ ಹೊಸದಾಗಿ ನೇಯಬೇಕಿದೆ. ಸಿಕ್ಕರೆ ಮಳೆಗಾಲವೆಲ್ಲ ಹೊಟ್ಟೆ ತುಂಬುವ ಕೆಲಸ. ಹೊರಸುಗಳು ಬಾಗಿಲು ದಾಟಲಾರದಷ್ಟು ದೊಡ್ಡವು, ಒಳಗೇ ನೇಯಬೇಕು. ಒಳಗೋ ಕಾಲಿಟ್ಟಲ್ಲೆಲ್ಲ ಮಲಗಿದವರು, ಗಂಟುಮೂಟೆ. ಲಾಲ್ಯಾ ಇಲ್ಲದೆ ಆಕೆ ಹೆಜ್ಜೆ ಇಡಲಾರಳು.

ಉಸ್ತುವಾರಿ ರೇವಣಸಿದ್ದಯ್ಯನವರು ಬಲು ಧರ್ಮಿಷ್ಠರು. ಮೊದಲ ರೊಟ್ಟಿ ನಾಯಿಗೆ ಹಾಕದೆ ತಾವು ತುತ್ತು ಮುಟ್ಟುವುದಿಲ್ಲ. ನಾಯಿ ಮಾತ್ರ ಹೊಸ್ತಿಲು ದಾಟಕೂಡದು, ಅದೆಂಥ ಧರ್ಮವೋ! ಇಂದು ಧರ್ಮಶಾಲೆಯ ಬಾಗಿಲಿಗೆ ಬಂದ ಲಾಲ್ಯಾನ ಮುಂದೆ ರೊಟ್ಟಿ ಇಡುತ್ತಾರೆ. ಅವನು ಮೂಸಿಯೂ ನೋಡುವುದಿಲ್ಲ.

ಅಯ್ಯನವರ ಮುಖ ಕಪ್ಪಿಡುತ್ತದೆ. "ನಾಯಿ ರೊಟ್ಟಿ ಒಲ್ಲೆ ಅಂದ್ರ ಮನಿಗಿ ಕೇಡಬೇ. ಬ್ಯಾರೇದವರಿಗಿ ಕೆಲಸ ಹೇಳ್ತೀನಿ, ನೀ ನಡಿ."

ಹಣಮಮ್ಮ ಹೋಗುವುದಿಲ್ಲ. ಕುಳಿತು, ತಡವಿ, ನಾಯಿಯ ಕೊರಳ ಹಗ್ಗ ಬಿಚ್ಚುತ್ತಾಳೆ. ಲಾಲ್ಯಾ ಬಾಲ ಅಲ್ಲಾಡಿಸುತ್ತ ಗಬಗಬನೆ ರೊಟ್ಟಿ ತಿಂದು ಮುಗಿಸುತ್ತಾನೆ. "ಒಲ್ಲೆ ಅಂದಿಲ್ರಿ ಅಯ್ಯಾರ. ಅಂವ ದುಡೀಲಿಕತ್ತಿದ್ದ" ಎಂದು ಆಕೆ ಮತ್ತೆ ಹಗ್ಗ ಕಟ್ಟುತ್ತಾಳೆ. ಪಕ್ಕದಲ್ಲಿ ನಿಂತ ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿ.

ಅಯ್ಯನವರಿಗೂ ನಗು ಬರುತ್ತದೆ. "ಶಾಣ್ಯಾ ಅದಾನ ಬಿಡು. ಕೆಲಸ ನಿಂದೇ. ಅಂವ ಇಲ್ಲೇ ಹೊರಗ ಇರ್ಲಿ, ದಿನಾ ನಾನೇ ರೊಟ್ಟಿ ಹಾಕ್ತೀನಿ."

"ಹಾಕೋದು ಬ್ಯಾಡ್ರಿ ಅಯ್ಯಾರ, ಇಬ್ರನ್ನೂ ಒಳಗ ಬಿಡ್ರಿ" ಎನ್ನುತ್ತಾಳೆ ಹಣಮಮ್ಮ, ಹಗ್ಗ ಬಿಗಿ ಹಿಡಿದು. "ನಮ್ಮ ರೊಟ್ಟಿ ನಾವೇ ದುಡಕೊಂತೀವಿ."

ಅಯ್ಯನವರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ.