ಪಟ್ಟಿಯಲ್ಲಿ ಉಳಿದ ಹೆಸರು

ಮೊಮ್ಮಕ್ಕಳೇ, ತಾಂಡೂರಿನ ನಿಮ್ಮ ಮನೆಗೆ ಬಂದಾಗ ನಿಮ್ಮ ಅವ್ವ ನಿಮ್ಮಪ್ಪನನ್ನು ಹೆಸರು ಹಿಡಿದು ಕರೆಯುವುದನ್ನು ಕೇಳಿ ನಾನು ಮುಖ ತಿರುಗಿಸುತ್ತಿದ್ದೆ. ಈಗ ತಿರುಗಿಸುವುದಿಲ್ಲ. ಯಾಕೆಂದು ಬಾಯಿಂದ ಹೇಳಲಾಗದೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿದ್ದು ಮಳೆಗಾಲದಲ್ಲಿ. ಕಂಗ್ಟಿ ಕಡೆಯ ನಮ್ಮೂರಿನ ರುದ್ರಭೂಮಿಗೆ ದಾರಿಯಿಲ್ಲ, ಉದ್ದಿನ ಹೊಲ ದಾಟಬೇಕು. ಕೆಸರಿನಲ್ಲಿ ಹೊತ್ತವರ ಕಾಲು ಹೂತು, ಅವರನ್ನು ಕೂರಿಸಿದ್ದ ಬಿದಿರಿನ ಚಟ್ಟ, ನಾವು ವಿಮಾನ ಅನ್ನುವುದು, ವಾಲಿತು. ನನ್ನ ಮೈದುನ ಅಣ್ಣನ ತಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಡೆದ. ಹೊಲದವನು ಬದುವಿನ ಮೇಲೆ ನಿಂತು, "ಬೆಳಿ ತುಳಿಬ್ಯಾಡ್ರಿ" ಎನ್ನುತ್ತಲೇ ಇದ್ದ.

ಆ ಚಳಿಗಾಲ ಅಂಗನವಾಡಿ ಟೀಚರಮ್ಮ ಮತದಾರರ ಪಟ್ಟಿ ಹಿಡಿದು ಬಂದಳು.

"ಅಜ್ಜಾರ ಹೆಸರು ತೆಗಿಬೇಕ್ರಿ. ಏನವರ ಹೆಸರು?"

ಗಂಡನ ಹೆಸರನ್ನು ನಾನು ಎಂದೂ ಹೇಳಿದವಳಲ್ಲ. ಸೆರಗನ್ನು ಬಾಯಿಗೆ ಹಿಡಿದೆ.

"ಹೋದಮ್ಯಾಲೂ ನಾಚಿಕಿ ಏನ್ರಿ ಅವ್ವಾರೆ? ಹೆಸರಿನ ಮ್ಯಾಲ ಬೆರಳರ ಇಡ್ರಿ."

ನಮ್ಮೂರು ತೆಲಂಗಾಣದ್ದು, ಪಟ್ಟಿ ತೆಲುಗಿನದು; ಒಬ್ಬೊಬ್ಬರಿಗೆ ಒಂದೊಂದು ಚೌಕ. ನಾನು ಏಳನೆಯವರೆಗೆ ಕನ್ನಡ ಶಾಲೆಗೆ ಹೋದವಳು, ತೆಲುಗನ್ನು ಅಕ್ಷರ ಕೂಡಿಸಿ ಓದುತ್ತೇನೆ. ಅವರ ಹೆಸರು ಮೊದಲು ಕಂಡಲ್ಲಿ ಬೆರಳಿಟ್ಟು ತಲೆ ತಗ್ಗಿಸಿದೆ. ಅವಳು ಆ ಚೌಕದ ನಂಬರು ಬರೆದುಕೊಂಡು ಮುಂದಿನ ಮನೆಗೆ ಹೋದಳು.

ಆಮೇಲೆ ಪಂಚಾಯ್ತಿಯ ಸರ್ಪಂಚ್ ಚುನಾವಣೆ ಬಂತು. ಸೀಟು ಹೆಂಗಸರಿಗೆ ಮೀಸಲಾಗಿತ್ತು. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ರುದ್ರಭೂಮಿಗೆ ದಾರಿ ಮಾಡಿಸುತ್ತೇನೆಂದು ನಿಂತಳು. ಎದುರಿಗೆ ನಿಂತವಳು ಅದೇ ಹೊಲದವನ ಸೊಸೆ.

ವೋಟಿನ ದಿನ ಶಾಲೆಯ ಬಾಗಿಲಲ್ಲಿ ನನ್ನ ಕಾರ್ಡು ನೋಡಿದ ಗುಮಾಸ್ತ, "ತೀರಿಕೊಂಡಾರಂತ ಈ ಹೆಸರು ತೆಗದಾರ್ರಿ" ಎಂದ. ಆಗ ನನಗೆ ತಿಳಿಯಿತು. ಪಟ್ಟಿಯಲ್ಲಿ ಹೆಂಗಸಿನ ಚೌಕದೊಳಗೆ ಅವಳ ಗಂಡನ ಹೆಸರೂ ಇರುತ್ತದೆ. ನಾನು ಬೆರಳಿಟ್ಟದ್ದು ನನ್ನದೇ ಚೌಕದ ಮೇಲೆ.

ಹೊಲದವನ ಕಡೆಯ ಏಜೆಂಟ್ ಬಗ್ಗಿ ಮೆಲ್ಲಗೆ ಹೇಳಿದ: "ನೀವು ಇಲ್ಲದಿದ್ರ ಏನಾತು ಅತ್ತಿ, ಮಾವ ಮುಂಜಾನೇನ ಬಂದು ಹಾಕಿ ಹೋಗ್ಯಾನ."

ಅವನ ಕೈಲಿದ್ದ ಪಟ್ಟಿಯಲ್ಲಿ ನಿಮ್ಮ ಅಜ್ಜನ ಹೆಸರಿನ ಮೇಲೆ ವೋಟು ಬಿತ್ತೆಂದು ಗೆರೆ ಎಳೆದಿತ್ತು. ಯಾರೋ ಅವರಾಗಿ ವೋಟು ಹಾಕಿದ್ದರು. ನಮ್ಮ ಕಡೆಯ ಏಜೆಂಟ್ ಹೊರಗೆ ಹೋಗಿದ್ದ. ನಾನು ಕೂಗಬೇಕಿತ್ತು. ಸಾಲಿನಲ್ಲಿ ಅಷ್ಟು ಜನ ಗಂಡಸರಿದ್ದರು. ಸೆರಗು ಎಳೆದುಕೊಂಡು ಮನೆಗೆ ಬಂದೆ.

ಸಂಜೆ ಎಣಿಸಿದಾಗ ಇಬ್ಬರಿಗೂ ಸಮ ಸಮ. ಚೀಟಿ ಎತ್ತಿದರು. ಬಂದದ್ದು ಹೊಲದವನ ಸೊಸೆಯ ಹೆಸರು.

ನೆಗೆಣ್ಣಿ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಳು. "ಒಂದ ವೋಟು ಅಕ್ಕಾ. ಯಾರ ಮನಿದು ಕಡಿಮಿ ಬಿತ್ತೋ."

ನಾನು ರೊಟ್ಟಿ ಬಡಿಯುತ್ತಲೇ ಇದ್ದೆ.

ಈ ಮಳೆಗಾಲ ಮೈದುನನೂ ಹೋದ. ಅದೇ ಹೊಲ, ಅದೇ ಕೆಸರು. ವಿಮಾನ ವಾಲಿದಾಗ ಅವನ ತಲೆ ಹಿಡಿಯಲು ತಮ್ಮನಿರಲಿಲ್ಲ. ತಲೆ ಬಿದಿರಿಗೆ ಬಡಿದ ಸದ್ದು ಬದುವಿನ ಮೇಲಿದ್ದ ನನಗೂ ನೆಗೆಣ್ಣಿಗೂ ಕೇಳಿಸಿತು.

ಹೋದ ವಾರ ಟೀಚರಮ್ಮ ಮತ್ತೆ ಪಟ್ಟಿ ತಂದಳು. ಮೈದುನನ ಹೆಸರು ಕೇಳಿದಳು. ನೆಗೆಣ್ಣಿಯೂ ಗಂಡನ ಹೆಸರು ಹೇಳುವವಳಲ್ಲ, ಬೆರಳು ಮುಂದೆ ಮಾಡಿದಳು. ನಾನು ಆ ಕೈ ಹಿಡಿದುಕೊಂಡೆ.

"ಬೆರಳು ಬ್ಯಾಡ. ಹೋದ ಸಲ ನಾ ಇಟ್ಟಿದ್ದು ನನ್ನ ಹೆಸರಿಗೇ ಬಿತ್ತು. ಪಟ್ಟ್ಯಾಗ ಅವರು ಉಳದರು, ನಾ ಹೋದೆ."

ಮೈದುನನ ಹೆಸರು ಹೇಳಿದೆ. ಆಮೇಲೆ ನಿಮ್ಮ ಅಜ್ಜನ ಹೆಸರು ಹೇಳಿದೆ. ಮದುವೆಯಾದ ಮೇಲೆ ನನ್ನ ಬಾಯಲ್ಲಿ ಆ ಹೆಸರು ಬಂದದ್ದು ಅದೊಂದೇ ಸಲ, ಅದನ್ನು ಹೊಡೆದು ಹಾಕಲಿಕ್ಕೆ.

ಟೀಚರಮ್ಮ ಬರೆದುಕೊಳ್ಳುತ್ತಿದ್ದಳು. "ಹಂಗಾದ್ರ ಆ ಕಡಿಮಿ ಬಿದ್ದ ವೋಟು ನಿಂದಾ ಅಕ್ಕಾ?" ಎಂದಳು ನೆಗೆಣ್ಣಿ. ಆಮೇಲೆ ತನ್ನ ಕೈ ಬಿಡಿಸಿಕೊಂಡಳು.