ಆರಾಮ ಆಗ್ಯಾಳ

ಬೆಳ್ಳಟ್ಟಿಯಲ್ಲಿರುವ ನನ್ನ ಅಕ್ಕನಿಗೆ ಎದೆಯ ಕ್ಯಾನ್ಸರ್. ಹುಬ್ಬಳ್ಳಿಯ ಆಸ್ಪತ್ರೆಯವರು ಆರು ಕಿಮೋ ಬೇಕೆಂದಿದ್ದರು. ಮೂರು ಮುಗಿಯುವಷ್ಟರಲ್ಲಿ ವಾಂತಿ ಅವಳನ್ನು ಹಿಂಡಿಹಾಕಿತ್ತು. ಗುಳಿಗೆಗೂ ನಿಲ್ಲುತ್ತಿರಲಿಲ್ಲ. ಒಗ್ಗರಣೆಯ ವಾಸನೆ ಬಂದರೆ ಸಾಕು, ಬಚ್ಚಲಿಗೆ ಓಡುತ್ತಿದ್ದಳು. ನಾಲ್ಕನೆಯದಕ್ಕೆ ಹೋಗುವುದೇ ಇಲ್ಲ ಎಂದು ಹಟ ಹಿಡಿದಾಗ, ಅವಳನ್ನು ಬೆಟಗೇರಿಯಲ್ಲಿ ಅಕ್ಯುಪ್ರೆಶರ್ ಮಾಡುವ ಹೆಂಗಸಿನ ಬಳಿ ಕರೆದುಕೊಂಡು ಹೋದವನು ನಾನು.

ಆಕೆ ಮೊದಲು ಆಸ್ಪತ್ರೆಯ ಫೈಲು ಕೇಳಿ ಓದಿದಳು. ಆಮೇಲೆ ಅಕ್ಕನ ಕೈ ತಿರುಗಿಸಿ, ಮಣಿಕಟ್ಟಿನಿಂದ ಮೂರು ಬೆರಳು ಬಿಟ್ಟು ಹೆಬ್ಬೆರಳಿನಿಂದ ಒತ್ತಿದಳು.

"ಯವ್ವಾ! ಯಾವ ಸೇಡ ತೀರಿಸ್ಕೋಳಾಕ ಹತ್ತೀಯವಾ?" ಎಂದಳು ಅಕ್ಕ.

"ಹಿಂದಿನ ಜನ್ಮದಾಗ ನಾ ನಿಮ್ಮ ಸೊಸಿ ಇದ್ನೇನೋ ಬಿಡ್ರಿ."

ಅಕ್ಕ ನಕ್ಕಳು. ಆ ನಗು ಕೇಳಿ ಎಷ್ಟೋ ದಿನವಾಗಿತ್ತು. ಹೊರಡುವಾಗ ಆಕೆ ನನ್ನತ್ತ ನೋಡಿ, "ಇದು ವಾಂತಿಗೆ ಅಷ್ಟರಿ. ಎದಿಯಾಗಿನ ಗಂಟಿಗಲ್ಲ. ಇಂಜೆಕ್ಷನ್ ಒಂದೂ ತಪ್ಪಿಸಬ್ಯಾಡ್ರಿ" ಎಂದು ಹೇಳಿದಳು.

ಅಕ್ಕ ಹಟ ಬಿಟ್ಟಳು, ನಾಲ್ಕನೆಯ ಕಿಮೋ ಆಯಿತು. ಅಕ್ಕನನ್ನು ನನ್ನ ಮನೆಯಲ್ಲೇ ಇರಿಸಿಕೊಂಡೆ, ಆಕೆ ಮೂರು ದಿನ ಅಲ್ಲಿಗೇ ಬಂದು ಒತ್ತಿದಳು. ವಾಂತಿ ಪೂರ್ತಿ ನಿಲ್ಲದಿದ್ದರೂ ತಗ್ಗಿತು. ಅಕ್ಕ ಅರ್ಧ ರೊಟ್ಟಿ ತಿಂದ ದಿನ, ಅವಳ ಗಂಡ ಲಕ್ಷ್ಮೇಶ್ವರದ ಸಂತೆಯಿಂದ ಫೋನ್ ಮಾಡಿದರು. ನಾವು ಅವರನ್ನು ಮಾಮಾ ಎನ್ನುತ್ತೇವೆ.

"ನಿಮ್ಮಕ್ಕ ಹ್ಯಾಂಗದಾಳಲೇ?"

"ಆರಾಮ ಆಗ್ಯಾಳ ಮಾಮಾ."

"ಖರೇನ?"

"ಖರೇನ. ರೊಟ್ಟಿ ತಿಂದ್ಲು."

ನಮ್ಮ ಕಡೆ ರೋಗ ಪೂರ್ತಿ ಹೋದರೂ ಆರಾಮ, ಸಂಕಟ ತುಸು ತಗ್ಗಿದರೂ ಆರಾಮ. ನಾನು ಹೇಳಿದ್ದು ವಾಂತಿಯ ಮಾತು, ಮಾಮಾ ತಿಳಿದುಕೊಂಡದ್ದು ಕ್ಯಾನ್ಸರಿನ ಮಾತು. ಎರಡರ್ಥ ಬರುವ ಪದಗಳನ್ನು ಪರರ ವರದಿಗಳಿಂದ ಹೊಡೆದುಹಾಕುವುದೇ ಪತ್ರಿಕೆಯಲ್ಲಿ ನನ್ನ ಕೆಲಸ.

ಅಕ್ಕನನ್ನು ಊರಿಗೆ ಕಳಿಸಿದೆ. ಐದನೆಯ ಕಿಮೋಗೆ ಮಾಮಾ ಕರೆದೊಯ್ಯಬೇಕಿತ್ತು. ಆರಾಮ ಆದವಳಿಗೆ ಮತ್ತೆ ಯಾಕೆ ಸೂಜಿ ಎಂದು ಮನೆಯವರೆಲ್ಲ ಸೇರಿ ಬಿಟ್ಟುಬಿಟ್ಟರು. ಅಕ್ಕನಿಗೂ ಅದೇ ಬೇಕಿತ್ತು. ನಾನು ಮುಂಡರಗಿಯ ಸುದ್ದಿಗಳನ್ನು ತಿದ್ದುವುದರಲ್ಲಿ ಮುಳುಗಿದ್ದೆ, ವಿಚಾರಿಸಲಿಲ್ಲ. ಆರನೆಯದೂ ತಪ್ಪಿತು. ನಾಲ್ಕು ತಿಂಗಳಿಗೆ ಅವಳ ಕಂಕುಳಲ್ಲಿ ಇನ್ನೊಂದು ಗಂಟು ಕೈಗೆ ಸಿಕ್ಕಿತು.

ಯಾಕೆ ಬಿಟ್ಟಿರಿ ಎಂದು ಹುಬ್ಬಳ್ಳಿಯ ಡಾಕ್ಟರು ಕೇಳಿದರು. "ಬೆಟಗೇರಿ ಹೆಣ್ಮಗಳೊಬ್ಬಾಕಿ ಆರಾಮ ಮಾಡ್ತೇನಿ ಅಂದಿದ್ಲರಿ" ಎಂದರು ಮಾಮಾ. ಡಾಕ್ಟರು ಅದನ್ನೇ ಫೈಲಿನಲ್ಲಿ ಬರೆದುಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ.

ಹುಬ್ಬಳ್ಳಿಯಿಂದ ಬರುವಾಗ ಮಾಮಾ ನನ್ನನ್ನೂ ಕರೆದುಕೊಂಡು ನೇರ ಬೆಟಗೇರಿಗೆ ಹೋಗಿ, ಆಕೆಯ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಬೈದರು.

"ನಾ ಹಂಗ ಅಂದಿಲ್ರಿ. ಇವರನ್ನ ಕೇಳ್ರಿ, ಬಾಜೂಕ ಇದ್ರು" ಎಂದು ಆಕೆ ನನ್ನತ್ತ ಬೆರಳು ತೋರಿದಳು.

"ನಂಗ ಅಷ್ಟು ನೆನಪಿಲ್ಲ" ಎಂದೆ.

ಆಕೆ ಬಾಗಿಲು ಹಾಕಿಕೊಂಡಳು.

ಈಗಿನ ಔಷಧ ಮೊದಲಿನದಕ್ಕಿಂತ ಜೋರು. ಮತ್ತೆ ನನ್ನ ಮನೆಗೆ ಬಂದಿರುವ ಅಕ್ಕ ಇವತ್ತು ಬೆಳಿಗ್ಗೆಯಿಂದ ಬಚ್ಚಲ ಕಟ್ಟೆ ಬಿಟ್ಟು ಎದ್ದಿಲ್ಲ. "ಆ ಬೆಟಗೇರಿ ಬಾಯಾರನ್ನ ಒಮ್ಮೆ ಕರಿಯೋ ತಮ್ಮಾ" ಎಂದಳು.

"ಆಕಿ ಬರೂದಿಲ್ಲಂತ" ಎಂದೆ. ನಾನು ಕರೆದೇ ಇರಲಿಲ್ಲ.